ಲೆಕ್ಕಕ್ಕೆ ಸಿಗದ ಕ್ಯಾಚರ್

ಓದುಗರ ಪತ್ರ: "ಕಳೆದ ಸಂಚಿಕೆಯಲ್ಲಿ ಜಾಶ್ ಗಿಬ್ಸನ್ ಬಗ್ಗೆ ಅರ್ಧ ಪುಟ ಬರೆದು, ಬೇಸ್‌ಬಾಲ್ ಕಂಡ ಕ್ಯಾಚರ್‌ಗಳಲ್ಲಿ ಅವನೇ ಎಲ್ಲರಿಗಿಂತ ದೊಡ್ಡವನು ಅಂತ ಕೊನೇ ಸಾಲಿನಲ್ಲಿ ಮುದ್ರೆ ಒತ್ತಿದ್ದೀರಿ. ನಾನು ಹನ್ನೆರಡು ವರ್ಷದಿಂದ ಅಮೆರಿಕದ ಸಿನ್ಸಿನಾಟಿಯಲ್ಲಿದ್ದೇನೆ. ಇಲ್ಲಿ ಆ ಮಾತು ಆಡಿದರೆ ಯಾರೂ ಕಾಫಿ ಕೊಡುವುದಿಲ್ಲ. ಇಲ್ಲಿನ ರೆಡ್ಸ್ ತಂಡದ ಕ್ಯಾಚರ್ ಜಾನಿ ಬೆಂಚ್ ಆಡಿದ ಒಂದೊಂದು ಪಂದ್ಯಕ್ಕೂ ಲೆಕ್ಕ ಇದೆ, ವಿಡಿಯೋ ಇದೆ. ಗಿಬ್ಸನ್‌ಗೆ ಏನಿದೆ? ಅಜ್ಜಂದಿರ ಕಥೆ. ಹಳಬರ ಹೆಸರು ಸತ್ತ ಮೇಲೆ ಬೆಳೆಯುತ್ತಲೇ ಹೋಗುತ್ತದೆ, ಅಲ್ವಾ?" (ದಾವಣಗೆರೆಯಿಂದ ಹೋಗಿ ಸಿನ್ಸಿನಾಟಿಯಲ್ಲಿ ನೆಲೆಸಿರುವ ಓದುಗರು)

ಸಂಪಾದಕರ ಉತ್ತರ:

ದಾವಣಗೆರೆಯವರು ಜಗಳವನ್ನೂ ಬೆಣ್ಣೆ ಹಾಕಿಯೇ ಬಡಿಸುತ್ತೀರಿ. ಪತ್ರದ ಮೊದಲ ಪುಟ ಪೂರ್ತಿ ನಮ್ಮ ಪತ್ರಿಕೆಯ ಹೊಗಳಿಕೆ. ಎರಡನೇ ಪುಟಕ್ಕೆ ಬಂದರೆ ಕಾವಲಿ ಕಾದಿದೆ. ಮೇಲೆ ಬೆಂಚ್ ಪ್ರತಿಮೆಯ ಮುಂದೆ ನಿಂತ ನಿಮ್ಮ ಮೂರು ಫೋಟೊ ಬೇರೆ. ಸಂತೋಷ. ಇಂಥ ಪತ್ರ ಬಂದ ದಿನ ನನಗೆ ಊಟ ಒಂದು ತುತ್ತು ಜಾಸ್ತಿ ಸೇರುತ್ತದೆ.

ಬೇಸ್‌ಬಾಲ್ ಗೊತ್ತಿಲ್ಲದವರು ಪುಟ ತಿರುಗಿಸಿಬಿಡಬೇಡಿ. ಕ್ಯಾಚರ್ ಅಂದರೆ ನಮ್ಮ ವಿಕೆಟ್‌ಕೀಪರ್ ಇದ್ದ ಹಾಗೆ ಅಂತ ಹೇಳುತ್ತಾರೆ. ಅದು ಅರ್ಧ ನಿಜ. ಕ್ಯಾಚರ್ ಆಟದುದ್ದಕ್ಕೂ ಕುಕ್ಕರಗಾಲಲ್ಲಿ ಕೂರಬೇಕು. ಪಿಚರ್, ಅಂದರೆ ಚೆಂಡು ಎಸೆಯುವವನು, 18 ಮೀಟರ್ ಆಚೆಯಿಂದ ಎಸೆದ ಚೆಂಡು ಬ್ಯಾಟಿಗೆ ತಗಲದಿದ್ದರೆ ನೇರ ಅವನ ಕೈಗೆ. ಮುಂದಿನ ಎಸೆತ ಯಾವುದು ಅಂತ ತೊಡೆಗಳ ನಡುವೆ ಬೆರಳು ಆಡಿಸಿ ಪಿಚರ್‌ಗೆ ತಿಳಿಸುವವನೂ ಅವನೇ. ಮೊದಲ ಬೇಸ್‌ನಲ್ಲಿ (ಓಟಗಾರ ನಿಲ್ಲುವ ಠಾವು) ನಿಂತ ಎದುರಾಳಿ ಎಸೆತದ ಸಮಯ ನೋಡಿ ಎರಡನೇ ಬೇಸ್ ಕದಿಯಲು ಓಡಿದನೋ, ಕೂತವನು ಛಂಗನೆ ಎದ್ದು ಸುಮಾರು 39 ಮೀಟರ್ ದೂರಕ್ಕೆ ಗುರಿಯಿಟ್ಟು ಎಸೆಯಬೇಕು. ಮುಖಕ್ಕೆ ಜಾಲರಿ, ಎದೆಗೆ ಮೆತ್ತೆ, ಮೊಣಕಾಲಿಗೆ ಕವಚ. ಈ ಸರಂಜಾಮಿಗೆ ಅಮೆರಿಕದ ಆಟಗಾರರು ಇಟ್ಟ ಹೆಸರು 'ದಡ್ಡತನದ ಸಾಮಾನು'. ತಲೆ ನೆಟ್ಟಗಿದ್ದವನು ಇದನ್ನು ತೊಡುವುದಿಲ್ಲ ಅಂತ.

(ತಮಾಷೆ ನೋಡಿ. ಇದೇ ಸಾಮಾನು ತೊಟ್ಟ ಮೊ ಬರ್ಗ್ ಎಂಬಾತ ಪ್ರಿನ್ಸ್‌ಟನ್‌ನಲ್ಲಿ ಸಂಸ್ಕೃತ ಓದಿದ್ದ. ಏಳು ಭಾಷೆ ಬಲ್ಲವನು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಗೂಢಚಾರನಾಗಿ, ಜೇಬಲ್ಲಿ ಪಿಸ್ತೂಲು ಇಟ್ಟುಕೊಂಡು ಜ್ಯೂರಿಕ್‌ನಲ್ಲಿ ಜರ್ಮನಿಯ ಅಣುವಿಜ್ಞಾನಿ ಹೈಸೆನ್‌ಬರ್ಗ್ ಉಪನ್ಯಾಸ ಕೇಳಿ ಬಂದ. ಬ್ಯಾಟಿಂಗ್ ಮಾತ್ರ ಸುಮಾರು. ಏಳು ಭಾಷೆ ಬರುತ್ತದೆ, ಒಂದರಲ್ಲೂ ಚೆಂಡು ಹೊಡೆಯಲು ಬರುವುದಿಲ್ಲ ಅಂತ ಜೊತೆಯವರೇ ಆಡಿಕೊಳ್ಳುತ್ತಿದ್ದರು.)

ಈಗ ನಿಮ್ಮ ಬೆಂಚ್. ದೊಡ್ಡವನು, ಒಪ್ಪಿದೆ. 1968ರಿಂದ 1977ರವರೆಗೆ ಒಳ್ಳೇ ಫೀಲ್ಡಿಂಗ್‌ಗೆ ಕೊಡುವ ಗೋಲ್ಡ್ ಗ್ಲೋವ್ ಸತತ 10 ಸಲ. 389 ಹೋಮ್ ರನ್ (ನಮ್ಮ ಸಿಕ್ಸರ್ ಇದ್ದ ಹಾಗೆ). 1970 ಮತ್ತು 1972ರಲ್ಲಿ ಲೀಗಿನ ಶ್ರೇಷ್ಠ ಆಟಗಾರ. ಬಲಗೈಯನ್ನು ಬೆನ್ನ ಹಿಂದೆ ಮರೆಮಾಡಿ ಒಂದೇ ಕೈಯಲ್ಲಿ ಚೆಂಡು ಹಿಡಿಯುವ ರೂಢಿ ಹಬ್ಬಿದ್ದರಲ್ಲಿ ಅವನ ಪಾಲು ದೊಡ್ಡದು. ಇನ್ನೂ ಹೊಗಳಬೇಕು ಅಂದರೆ ಅದಕ್ಕೆ ನೀವಿದ್ದೀರಿ.

ಆದರೆ ಬೆಂಚ್ ಅಂದ ತಕ್ಷಣ ನನಗೆ ನೆನಪಾಗುವುದು ಬೇರೊಬ್ಬ. 1976ರ ವರ್ಲ್ಡ್ ಸೀರೀಸ್‌ನಲ್ಲಿ, ಅಂದರೆ ಆ ವರ್ಷದ ಫೈನಲ್ ಸರಣಿಯಲ್ಲಿ, ನಿಮ್ಮ ರೆಡ್ಸ್ ತಂಡ ನ್ಯೂಯಾರ್ಕ್ ಯಾಂಕೀಸನ್ನು 4–0 ಗುಡಿಸಿ ಹಾಕಿತು. ಬೆಂಚ್ ಬ್ಯಾಟಿಂಗ್ ಸರಾಸರಿ 0.533. (ಕ್ರಿಕೆಟ್ಟಿನ ಸರಾಸರಿಯಲ್ಲ; ಬ್ಯಾಟ್ ಹಿಡಿದ ಸರದಿಗಳಲ್ಲಿ ಎಷ್ಟು ಪಾಲು ಹಿಟ್ ಆಯಿತು ಅನ್ನುವ ಲೆಕ್ಕ.) ಸೋತ ತಂಡದ ಕ್ಯಾಚರ್ ಥರ್ಮನ್ ಮನ್ಸನ್‌ನದು 0.529. ಆಟ ಮುಗಿದ ಮೇಲೆ ರೆಡ್ಸ್ ಮ್ಯಾನೇಜರ್ ಸ್ಪಾರ್ಕಿ ಆಂಡರ್ಸನ್ ಪತ್ರಕರ್ತರ ಮುಂದೆ ಒಂದು ಮಾತು ಬಿಟ್ಟ: ಬೆಂಚ್ ಜೊತೆ ಹೋಲಿಸಿ ಇನ್ನೊಬ್ಬ ಕ್ಯಾಚರ್‌ಗೆ ಮುಜುಗರ ಮಾಡಲು ನನಗಿಷ್ಟವಿಲ್ಲ ಅಂತ. ಮನ್ಸನ್ ಅಲ್ಲೇ ಇದ್ದ. ಕೇಳಿಸಿಕೊಂಡ. ಮೂರು ವರ್ಷದ ಮೇಲೆ ತಾನೇ ನಡೆಸುತ್ತಿದ್ದ ವಿಮಾನ ಬಿದ್ದು ಸತ್ತ. 32 ವರ್ಷ.

ನಿಮ್ಮ ಪತ್ರ ಓದುವಾಗ ಸ್ಪಾರ್ಕಿಯದೇ ದನಿ ಕೇಳಿಸಿತು ಅಂದರೆ ಬೇಜಾರು ಮಾಡಿಕೊಳ್ಳಬೇಡಿ. ಇಷ್ಟಕ್ಕೂ ಸ್ಪಾರ್ಕಿ ಆ ದಿನ ಅಂಕಿ ನೋಡಿ ಮಾತಾಡಿದನೇ? ಅಂಕಿಯಲ್ಲಿ ಇಬ್ಬರ ನಡುವೆ ಕೂದಲೆಳೆ ಅಂತರ. ಅವನು ಹೇಳಿದ್ದು ವರ್ಷಗಟ್ಟಲೆ ಕಣ್ಣಾರೆ ಕಂಡದ್ದನ್ನು. ಅಂದಮೇಲೆ ನಿಮ್ಮ ಬೆಂಚ್ ಕೀರ್ತಿಯೂ ನೋಡಿದವರ ಬಾಯಿಮಾತಿನ ಮೇಲೇ ನಿಂತಿದೆ.

ಕ್ಯಾಚರ್ ಕೆಲಸವೇ ಹಾಗೆ. ಮುಕ್ಕಾಲು ಪಾಲು ಲೆಕ್ಕದ ಪುಸ್ತಕಕ್ಕೆ ಬರುವುದೇ ಇಲ್ಲ. ಹೆದರಿದ ಪಿಚರ್ ಹತ್ತಿರ ಹೋಗಿ ನಾಲ್ಕು ಮಾತಾಡಿ ಸರಿಮಾಡಿದ್ದನ್ನು ಯಾವ ಕಾಲಂನಲ್ಲಿ ಬರೆಯುತ್ತೀರಿ? ಅಂಚಿಗೆ ಬಿದ್ದ ಚೆಂಡನ್ನು ಮೆಲ್ಲಗೆ ಒಳಗೆಳೆದು ಅಂಪೈರ್ ಬಾಯಲ್ಲಿ ಸ್ಟ್ರೈಕ್ (ಸರಿಯಾದ ಎಸೆತ) ಅನ್ನಿಸುವ ಕೈಚಳಕವನ್ನು ಸರಿಯಾಗಿ ಅಳೆಯಲು ಬಂದದ್ದು ಈ ಶತಮಾನದಲ್ಲಿ, ಕ್ಯಾಮೆರಾಗಳು ಒಂದೊಂದು ಎಸೆತದ ಜಾಡು ಹಿಡಿಯತೊಡಗಿದ ಮೇಲೆ. ಬೆಂಚ್ 1983ರಲ್ಲೇ ಆಟ ಬಿಟ್ಟಿದ್ದ. ಶಿಕಾಗೋದ ರೇ ಶಾಕ್ ಜೀವನವಿಡೀ ಹೊಡೆದ ಸರಾಸರಿ 0.253. ಆದರೂ 1955ರಲ್ಲಿ ದೊಡ್ಡ ಆಟಗಾರರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್‌ಗೆ ಸೇರಿಸಿಕೊಂಡರು. ಅವನು ಹಿಡಿಯುವುದನ್ನು ನೋಡಿದವರು ಇನ್ನೂ ಬದುಕಿದ್ದರು, ಅದಕ್ಕೆ.

ಯಾಂಕೀಸ್‌ನ ಕ್ಯಾಚರ್ ಯೋಗಿ ಬೆರ್ರಾ ಬಗ್ಗೆ ನಿಮ್ಮ ಪತ್ರದಲ್ಲಿ ಒಂದು ಸಾಲೂ ಇಲ್ಲ. ನೀವು ಸಿನ್ಸಿನಾಟಿಯವರು, ಯಾಂಕಿ ಹೆಸರು ಎತ್ತುವುದಿಲ್ಲ, ಗೊತ್ತು. ಸೇಂಟ್ ಲೂಯಿಸ್‌ನ ಇಟಾಲಿಯನ್ ಮನೆಯ ಹುಡುಗ ಲಾರೆನ್ಸ್. ಬ್ಯಾಟಿಂಗ್ ಸರದಿ ಬರುವ ತನಕ ಚಕ್ಕಳಮಕ್ಕಳ ಹಾಕಿ ಕೈಕಟ್ಟಿ ಕೂರುತ್ತಿದ್ದನಂತೆ. ಸಿನಿಮಾದಲ್ಲಿ ಭಾರತದ ಯೋಗಿಯನ್ನು ನೋಡಿಬಂದ ಗೆಳೆಯ 'ಯೋಗಿ' ಅಂದ. ಹೆಸರು ಸಾಯುವ ತನಕ ಅಂಟಿಕೊಂಡಿತು. ಹತ್ತು ಸಲ ವರ್ಲ್ಡ್ ಸೀರೀಸ್ ಗೆದ್ದ. ಮೂರು ಸಲ ಲೀಗಿನ ಶ್ರೇಷ್ಠ ಆಟಗಾರನಾದ. ಇಂಥವನು ಶುರುವಿನಲ್ಲಿ ಒರಟು ಕ್ಯಾಚರ್. 1949ರಲ್ಲಿ ಯಾಂಕೀಸ್‌ನ ಹಿಂದಿನ ಕ್ಯಾಚರ್, ಹಳೇ ಹುಲಿ ಬಿಲ್ ಡಿಕ್ಕಿ ಬಂದು ಕೂರಿಸಿಕೊಂಡು ಕಲಿಸಿದ. ಗುರು ಶಿಷ್ಯ ಇಬ್ಬರ ಅಂಗಿಯ ಮೇಲೂ 8. 1972ರಲ್ಲಿ ಯಾಂಕೀಸ್ ಆ ಸಂಖ್ಯೆಯನ್ನು, ಮುಂದೆ ಯಾರಿಗೂ ಕೊಡದ ಹಾಗೆ, ಇಬ್ಬರ ಹೆಸರಲ್ಲೂ ಎತ್ತಿಟ್ಟರು. ಅದೇ ವರ್ಷ ಯೋಗಿ ಹಾಲ್ ಆಫ್ ಫೇಮ್ ಸೇರಿದ. ಆ ವರ್ಷ ಸೇರಿದ ಇನ್ನೊಬ್ಬ ಕ್ಯಾಚರ್ ಸತ್ತು ಆಗಲೇ 25 ವರ್ಷವಾಗಿತ್ತು. ಅವನೇ ಜಾಶ್ ಗಿಬ್ಸನ್.

ಅವನ ಕಥೆಗೆ ಮುಂಚೆ ಇನ್ನೂ ಹಿಂದಕ್ಕೆ, 1884ಕ್ಕೆ ಹೋಗಬೇಕು. ಟೊಲಿಡೊ ತಂಡದಲ್ಲಿ ಮೋಸೆಸ್ ಫ್ಲೀಟ್‌ವುಡ್ ವಾಕರ್ ಎಂಬ ಕಪ್ಪು ಕ್ಯಾಚರ್ ಇದ್ದ. ಪಿಚರ್ ಟೋನಿ ಮುಲೇನ್ ಬಿಳಿಯ. ತಾನು ಕಂಡ ಕ್ಯಾಚರ್‌ಗಳಲ್ಲಿ ವಾಕರ್‌ನೇ ಉತ್ತಮ, ಆದರೆ ಕಪ್ಪು ಜನ ಅಂದರೆ ನನಗಾಗದು, ಹಾಗಾಗಿ ಅವನು ತೋರಿಸಿದ ಸನ್ನೆ ನೋಡದೆ ಮನಸ್ಸಿಗೆ ಬಂದದ್ದನ್ನು ಎಸೆಯುತ್ತಿದ್ದೆ ಅಂತ ಮುಲೇನ್ ಮುದುಕನಾದ ಮೇಲೆ ತಾನೇ ಹೇಳಿಕೊಂಡ. ಒಂದು ಕ್ಷಣ ಯೋಚಿಸಿ ಸ್ವಾಮಿ. ಇವತ್ತಿನ ದಪ್ಪ ಗ್ಲೌಸ್ ಆಗ ಇರಲಿಲ್ಲ. ಚೆಂಡು ಎತ್ತ ತಿರುಗುತ್ತದೆ ಗೊತ್ತಿಲ್ಲ. ಆದರೂ ಹಿಡಿಯಬೇಕು. ವಾಕರ್‌ನ ಅಂಕಿ ತೆಗೆದು ನೋಡಿದರೆ ಕೈತಪ್ಪಿದ ಚೆಂಡುಗಳು ಕಾಣುತ್ತವೆ. ಮುಲೇನ್‌ನ ಮನಸ್ಸು ಕಾಣುವುದಿಲ್ಲ.

ಕೆಲವೇ ವರ್ಷಗಳಲ್ಲಿ ದೊಡ್ಡ ಲೀಗುಗಳ ಬಾಗಿಲು ಕಪ್ಪು ಜನರಿಗೆ ಮುಚ್ಚಿತು. ಕಾಗದದ ಮೇಲೆ ಕಾನೂನಿಲ್ಲ, ಮಾಲೀಕರ ನಡುವೆ ಒಳ ಒಪ್ಪಂದ. 1947ರ ಏಪ್ರಿಲ್ 15ಕ್ಕೆ ಕಪ್ಪು ಆಟಗಾರ ಜಾಕಿ ರಾಬಿನ್ಸನ್ ಮೈದಾನಕ್ಕಿಳಿಯುವ ತನಕ ಅದು ತೆರೆಯಲಿಲ್ಲ. ಗಿಬ್ಸನ್ ಕೂಡ ಕಪ್ಪು ಆಟಗಾರ; ಅದೇ ವರ್ಷ ಜನವರಿ 20ರಂದು, ಮೂರು ತಿಂಗಳೂ ಕಾಯಲಾಗದೆ, 35ನೇ ವಯಸ್ಸಿಗೆ ಹೋಗಿಬಿಟ್ಟ. ಮೆದುಳಿನಲ್ಲಿ ಗೆಡ್ಡೆ ಇದೆ ಅಂತ 1943ರಲ್ಲೇ ಗೊತ್ತಾಗಿತ್ತು. ಅದೇ 1943ರಲ್ಲಿ ಅವನ ಬ್ಯಾಟಿಂಗ್ ಸರಾಸರಿ 0.466.

ನೀವು ಕೇಳಿದಿರಿ, ಗಿಬ್ಸನ್‌ಗೆ ಲೆಕ್ಕ ಎಲ್ಲಿದೆ ಅಂತ. ಇದೆ. ಕಪ್ಪು ಆಟಗಾರರ ನೀಗ್ರೋ ಲೀಗುಗಳನ್ನು ಮೇಜರ್ ಲೀಗ್ ಬೇಸ್‌ಬಾಲ್ 2020ರ ಡಿಸೆಂಬರ್‌ನಲ್ಲಿ ತನ್ನ ಸಮಾನ ಅಂತ ಒಪ್ಪಿತು. 2024ರ ಮೇ ತಿಂಗಳಲ್ಲಿ ಅಂಕಿಗಳನ್ನೂ ಸೇರಿಸಿತು. ಗಿಬ್ಸನ್‌ನ ಜೀವಮಾನದ ಸರಾಸರಿ 0.372. ಅಲ್ಲಿಯವರೆಗೆ ಮೊದಲಿದ್ದ ಟೈ ಕಾಬ್‌ನ 0.367 ಎರಡನೇ ಸ್ಥಾನಕ್ಕಿಳಿಯಿತು. ಹೊಡೆತದ ಬಲ ಅಳೆಯುವ ಇನ್ನೊಂದು ಲೆಕ್ಕದಲ್ಲಿ ಬೇಬ್ ರೂತ್ 0.690, ಗಿಬ್ಸನ್ 0.718.

ಆ ಲೀಗಿನ ಸೀಸನ್ ಚಿಕ್ಕದು, ಬಿಳಿಯರ 154 ಪಂದ್ಯದ ಅರ್ಧವೂ ಬರುವುದು ಕಷ್ಟ ಅಂತ ನೀವು ಹೇಳುತ್ತೀರಿ. ಹೌದು. ಉಳಿದ ದಿನ ಅವರು ಮನೆಯಲ್ಲಿ ಮಲಗಿರಲಿಲ್ಲ. ಬಸ್ಸಿನಲ್ಲಿ ಊರೂರು ಸುತ್ತಿ ಸಿಕ್ಕವರ ಜೊತೆ ಆಡುತ್ತಿದ್ದರು. ಎಷ್ಟೋ ಊರಲ್ಲಿ ಹೋಟೆಲಿನವರು ರೂಮು ಕೊಡುತ್ತಿರಲಿಲ್ಲ. ಗಿಬ್ಸನ್ ಮೆಕ್ಸಿಕೊ, ಪೋರ್ಟರಿಕೊ, ಡೊಮಿನಿಕನ್ ರಿಪಬ್ಲಿಕ್‌ಗೂ ಹೋಗಿ ಆಡಿಬಂದ. ಅವು ಯಾವುವೂ ಈ ಲೆಕ್ಕದಲ್ಲಿಲ್ಲ. ಹಾಲ್ ಆಫ್ ಫೇಮ್ ಫಲಕ ಎಲ್ಲ ಸೇರಿಸಿ ಸುಮಾರು 800 ಹೋಮ್ ರನ್ ಅನ್ನುತ್ತದೆ. ಅಧಿಕೃತ ಲೆಕ್ಕದಲ್ಲಿ 200ಕ್ಕಿಂತ ಕಡಿಮೆ. ನಿಮಗೆ ಈ ಅಂತರ ಸುಳ್ಳಿನ ಹಾಗೆ ಕಂಡಿತು. ನನಗೆ ಅದು ಯಾರೂ ಬರೆದುಕೊಳ್ಳದ ಊರುಗಳ ಹಾಗೆ ಕಾಣುತ್ತದೆ.

ಕಥೆ ಕಟ್ಟಿದ್ದಾರೆ ಅನ್ನುವುದು ಸುಳ್ಳಲ್ಲ. ಪಿಟ್ಸ್‌ಬರ್ಗ್‌ನಲ್ಲಿ ಗಿಬ್ಸನ್ ಹೊಡೆದ ಚೆಂಡು ಕೆಳಗೇ ಬರಲಿಲ್ಲವಂತೆ. ಮಾರನೇ ದಿನ ಫಿಲಡೆಲ್ಫಿಯಾದಲ್ಲಿ ಆಡುವಾಗ ಆಕಾಶದಿಂದ ಚೆಂಡೊಂದು ಬಿತ್ತು, ಯಾರೋ ಹಿಡಿದರು. ಅಂಪೈರ್ ಗಿಬ್ಸನ್ ಕಡೆ ಬೆರಳು ತೋರಿಸಿ, "ನೀನು ಔಟ್, ನಿನ್ನೆ, ಪಿಟ್ಸ್‌ಬರ್ಗ್‌ನಲ್ಲಿ" ಅಂದನಂತೆ. ಇದನ್ನು ನಂಬಿ ಅಂತ ನಾನು ಹೇಳುವುದಿಲ್ಲ. ಇಂಥ ಕಥೆ ಮನ್ಸನ್ ಮೇಲೆ ಯಾಕೆ ಹುಟ್ಟಲಿಲ್ಲ ಅಂತ ಮಾತ್ರ ಕೇಳುತ್ತೇನೆ.

ಕಥೆ ಬಿಟ್ಟು ಸಾಕ್ಷಿಗೆ ಬನ್ನಿ. 417 ಪಂದ್ಯ ಗೆದ್ದ ಬಿಳಿಯ ಪಿಚರ್ ವಾಲ್ಟರ್ ಜಾನ್ಸನ್ 1939ರಲ್ಲಿ ಗಿಬ್ಸನ್ ಬಗ್ಗೆ ಹೇಳಿದ್ದು: ತೂಗುಕುರ್ಚಿಯಲ್ಲಿ ಕೂತವನ ಹಾಗೆ ಸಲೀಸಾಗಿ ಹಿಡಿಯುತ್ತಾನೆ, ಕಪ್ಪು ಮನುಷ್ಯ ಆಗಿಬಿಟ್ಟನಲ್ಲ, ಛೆ. ಇನ್ನೊಬ್ಬ ಸಾಕ್ಷಿ ರಾಯ್ ಕ್ಯಾಂಪನೆಲ್ಲಾ. 15ನೇ ವಯಸ್ಸಿಗೆ ನೀಗ್ರೋ ಲೀಗ್ ಸೇರಿದ. ಬಾಗಿಲು ತೆರೆದ ಮೇಲೆ ಬ್ರೂಕ್ಲಿನ್ ಡಾಡ್ಜರ್ಸ್‌ಗೆ ಆಡಿ, ಬಿಳಿಯರ ಪಿಚರ್‌ಗಳನ್ನೇ ಎದುರಿಸಿ, 1951, 1953, 1955ರಲ್ಲಿ ಶ್ರೇಷ್ಠ ಆಟಗಾರನಾದ. 1958ರಲ್ಲಿ ಕಾರು ಅಪಘಾತದಿಂದ ಗಾಲಿಕುರ್ಚಿ ಹಿಡಿದ. ಮರುವರ್ಷ ಅವನ ಗೌರವಕ್ಕೆ ಲಾಸ್ ಏಂಜಲೀಸ್‌ನಲ್ಲಿ 93,103 ಜನ ಸೇರಿ, ದೀಪ ಆರಿಸಿ, ಒಬ್ಬೊಬ್ಬರೂ ಬೆಂಕಿಕಡ್ಡಿ ಗೀರಿದರು. ಎರಡೂ ಕಡೆ ಆಡಿದ ಈ ಮನುಷ್ಯ, ತಾನು ಕಂಡವರಲ್ಲಿ ಗಿಬ್ಸನ್‌ನೇ ಎಲ್ಲರಿಗಿಂತ ದೊಡ್ಡ ಕ್ಯಾಚರ್, ದೊಡ್ಡ ಆಟಗಾರ ಅಂದಿದ್ದಾನೆ. ಅಜ್ಜನ ಕಥೆ ಅಂತ ಇದನ್ನೂ ತಳ್ಳಿಹಾಕುತ್ತೀರಾ? ಹಾಗಿದ್ದರೆ ಸ್ಪಾರ್ಕಿ ಮಾತನ್ನೂ ತಳ್ಳಿ.

ಗಿಬ್ಸನ್‌ನ ಅಂಕಿ ಇಷ್ಟಾದರೂ ಸಿಕ್ಕಿದ್ದು ಹೇಗೆ ಗೊತ್ತೇ? ಪಿಟ್ಸ್‌ಬರ್ಗ್ ಕೂರಿಯರ್, ಶಿಕಾಗೋ ಡಿಫೆಂಡರ್‌ನಂಥ ಕಪ್ಪು ಜನರ ಪತ್ರಿಕೆಗಳು ಸ್ಕೋರು ಅಚ್ಚುಹಾಕಿದ್ದವು. ಯಾರೋ ಆ ಸಂಚಿಕೆಗಳನ್ನು ಎಸೆಯದೆ ಉಳಿಸಿದರು. ಆಟದ ಹುಚ್ಚಿರುವ ಸಂಶೋಧಕರು ದಶಕಗಟ್ಟಲೆ ಕೂತು ಒಂದೊಂದೇ ಪಂದ್ಯ ಹೆಕ್ಕಿದರು. ಇಲ್ಲಿ ನನ್ನ ಹೊಟ್ಟೆ ಉರಿಯುತ್ತದೆ. ಹಿಂದೊಮ್ಮೆ ನಮ್ಮ ಕಡೆಯ ಹಳೇ ಫುಟ್ಬಾಲ್ ಪಂದ್ಯಾವಳಿಯೊಂದರ ಬಗ್ಗೆ ಬರೆಯಲು ಒಂದು ಊರಿನ ವಾಚನಾಲಯಕ್ಕೆ ಹೋಗಿದ್ದೆ. ಊರಿನ ಹೆಸರು ಬೇಡ. ಹಳೇ ಪತ್ರಿಕೆ ಕೊಡಿ ಅಂದೆ. "ಜಾಗ ಇರ್ಲಿಲ್ಲ ಸಾರ್, ಹೋದ ವರ್ಷ ತೂಕಕ್ಕೆ ಹಾಕಿದ್ವಿ" ಅಂದರು. ಒಳ್ಳೇ ರೇಟು ಬಂತು ಅಂತಲೂ ಸೇರಿಸಿದರು. ಬೇರೆಯವರನ್ನೇಕೆ ಬೈಯಲಿ? ನಮ್ಮ ಪತ್ರಿಕೆಯದೇ ಮೊದಲ ನಾಲ್ಕು ವರ್ಷದ ಸಂಚಿಕೆಗಳನ್ನು ನನ್ನ ಅಟ್ಟದ ಮೇಲೆ ಗೆದ್ದಲು ಓದಿ ಮುಗಿಸಿದೆ.

ವಿಡಿಯೋ ಇದೆ ಅಂತ ಬೀಗುತ್ತೀರಲ್ಲ, 1983ರ ಜೂನ್ 18ರ ಟನ್‌ಬ್ರಿಜ್ ವೆಲ್ಸ್ ಪಂದ್ಯ ನೆನಪಿಸಿಕೊಳ್ಳಿ. ಜಿಂಬಾಬ್ವೆ ಎದುರು ಕಪಿಲ್ ದೇವ್ 175. ಅದರ ವಿಡಿಯೋ ಇಲ್ಲ. ಆ ತುದಿಯಲ್ಲಿ ನಿಂತು ಒಂಬತ್ತನೇ ವಿಕೆಟ್‌ಗೆ ಮುರಿಯದ 126 ರನ್ ಸೇರಿಸಿದವರು ನಮ್ಮ ಸೈಯದ್ ಕಿರ್ಮಾನಿ, ಅವರದು 24. (ಇಲ್ಲಿ ಮಾತ್ರ ಬಹುವಚನ. ಬೆಂಗಳೂರಲ್ಲಿ ಎದುರಾದರೆ ಬೈಸಿಕೊಳ್ಳಬೇಕಾಗುತ್ತದೆ.) 88 ಟೆಸ್ಟ್, 160 ಕ್ಯಾಚ್, 38 ಸ್ಟಂಪಿಂಗ್ ಅಂತ ಪುಸ್ತಕದಲ್ಲಿದೆ. ಚಂದ್ರಶೇಖರ್ ಚೆಂಡು ಎತ್ತ ತಿರುಗುತ್ತದೆ ಅಂತ ಬ್ಯಾಟ್ಸ್‌ಮನ್‌ಗೆ ತಿಳಿಯದೆ ಇದ್ದಾಗ, ಹಿಂದೆ ನಿಂತವರಿಗೆ ತಿಳಿದಿತ್ತಲ್ಲ, ಅದನ್ನು ನನಗೆ ಹೇಳಿದ್ದು ಪುಸ್ತಕವಲ್ಲ. ನೋಡಿದವರು. ನಿಮ್ಮ ಮನೆಯಲ್ಲೇ ಹಿರಿಯರೊಬ್ಬರು ಇದ್ದಾರು, ಈ ಸಲ ಊರಿಗೆ ಬಂದಾಗ ಕೇಳಿ.

ಪಿಟ್ಸ್‌ಬರ್ಗ್ ನಿಮ್ಮಿಂದ ಕಾರಿನಲ್ಲಿ ನಾಲ್ಕೈದು ಗಂಟೆಯ ದಾರಿ. ಅಲ್ಲಿನ ಅಲಿಗೆನಿ ಸ್ಮಶಾನದಲ್ಲಿ ಗಿಬ್ಸನ್‌ನ ಸಮಾಧಿ ಇದೆ. 1975ರವರೆಗೆ ಅದರ ಮೇಲೆ ಒಂದು ಕಲ್ಲೂ ಇರಲಿಲ್ಲ. ಈಗ ಇದೆ, ಚಿಕ್ಕದು, ಹುಡುಕಬೇಕು. ಸಿಕ್ಕರೆ ಒಂದು ಫೋಟೊ ತೆಗೆದು ಕಳಿಸಿ, ಬೆಂಚ್‌ನ ಮೂರರ ಜೊತೆ ಅಚ್ಚುಹಾಕುತ್ತೇನೆ.