ಮೂರನೆಯವರ ತಕರಾರು ಎಲ್ಲಿ ಹೋಯಿತು?

ಓದುಗರ ಪತ್ರ: "ಮೋಟಾರು, ಪಂಪು ರಿಪೇರಿಗೆಂದೇ ಹದಿನಾಲ್ಕು ವರ್ಷಗಳಿಂದ ಒಂದು ಚರ್ಚಾ ತಾಣ ನಡೆಸುತ್ತಿದ್ದೇನೆ. ಎರಡು ವರ್ಷಗಳಲ್ಲಿ ಬರುವವರ ಸಂಖ್ಯೆ ಅರ್ಧಕ್ಕಿಂತ ಕೆಳಗಿಳಿದಿದೆ. ಆದರೆ ಸರ್ವರ್ ಮೇಲಿನ ಹೊರೆ ಹೆಚ್ಚಾಗಿದೆ ಎಂದು ಹೋಸ್ಟಿಂಗ್‌ನವರು ನೋಟಿಸ್ ಕಳಿಸುತ್ತಿದ್ದಾರೆ. ಎಲ್ಲಕ್ಕೂ ಎಐ ಕಾರಣ ಅನ್ನುವುದು ನನ್ನ ತೀರ್ಮಾನ. ಐದು ಸೆಕೆಂಡಿಗೆ ಉತ್ತರ ಸಿಗುವಾಗ ಯಾರಪ್ಪ ನಿಮ್ಮಲ್ಲಿಗೆ ಬರ್ತಾರೆ ಅಂತಾಳೆ ಮಗಳು. ಪುಟಗಳನ್ನು ತಾವಾಗಿಯೇ ಬಂದು ಓದಿಕೊಂಡು ಹೋಗುವ ಬಾಟ್‌ ಎಂಬ ಪ್ರೋಗ್ರಾಮುಗಳಿಗೆಲ್ಲ ಬಾಗಿಲು ಹಾಕಲೇ, ತಾಣಕ್ಕೇ ಬೀಗ ಜಡಿಯಲೇ?"

ಮಾನ್ಯರೇ,

ನಿಮ್ಮ ಮಗಳ ಮಾತು ಮೊದಲು, ಯಾಕೆಂದರೆ ಅದು ಬೇಗ ಮುಗಿಯುತ್ತದೆ. ಅವರು ಹೇಳುವುದರಲ್ಲಿ ಹುರುಳಿದೆ. "ಮೊದಲು ಹುಡುಕಿ ನೋಡಿ, ಆಮೇಲೆ ಕೇಳಿ" ಎಂದು ಹೊಸಬರನ್ನು ಗದರಿಸಿ ಕಳಿಸದ ಚರ್ಚಾ ತಾಣ ಅಪರೂಪ. ಯಂತ್ರ ಗದರುವುದಿಲ್ಲ, ನಡುರಾತ್ರಿಯಲ್ಲೂ ಬೇಸರವಿಲ್ಲದೆ ಉತ್ತರಿಸುತ್ತದೆ. ಅಷ್ಟನ್ನು ಒಪ್ಪಿಕೊಂಡೆವು.

ಇನ್ನು ನಿಮ್ಮ ತೀರ್ಮಾನ. ಕಂಡವರ ಮೋಟಾರಿನ ರೋಗ ಪತ್ತೆ ಮಾಡುವವರು ಸ್ವಂತ ತಾಣದ ನಾಡಿ ಹಿಡಿಯದೆ ಎಐ ಮೇಲೆ ಗೂಬೆ ಕೂರಿಸಿದ್ದೀರಿ. ಹುಡುಕಾಟದಲ್ಲಿ ನಿಮ್ಮ ತಾಣದ ಲೆಕ್ಕ ತೋರಿಸುವ ಗೂಗಲ್ ಸರ್ಚ್ ಕನ್ಸೋಲ್‌ನ ಪರ್ಫಾರ್ಮೆನ್ಸ್ ವರದಿ ತೆರೆಯಿರಿ. ದಿನಾಂಕದ ಮೇಲೆ ಒತ್ತಿ, ಕಳೆದ ಮೂರು ತಿಂಗಳನ್ನು ಹಿಂದಿನ ವರ್ಷದ ಅದೇ ಮೂರು ತಿಂಗಳಿಗೆ ಹೋಲಿಸಿ. ಕ್ಲಿಕ್, ಇಂಪ್ರೆಷನ್ (ಫಲಿತಾಂಶದಲ್ಲಿ ನಿಮ್ಮ ಕೊಂಡಿ ಕಾಣಿಸಿದ ಸಲ), ಸಿಟಿಆರ್ (ಕಂಡದ್ದರಲ್ಲಿ ಒತ್ತಿದ ಪ್ರಮಾಣ), ಫಲಿತಾಂಶಗಳ ಸಾಲಿನಲ್ಲಿ ಸರಾಸರಿ ಸ್ಥಾನ, ನಾಲ್ಕನ್ನೂ ಟಿಕ್ ಮಾಡಿ. ಅಲ್ಲಿ 16 ತಿಂಗಳ ಲೆಕ್ಕ ಮಾತ್ರ ಉಳಿಯುತ್ತದೆ. ಹಾಗಾಗಿ ಇವತ್ತೇ ಇಳಿಸಿಟ್ಟುಕೊಳ್ಳಿ, ಮುಂದಿನ ತಿಂಗಳಿಗೆ ಹಳೆಯದೊಂದು ತಿಂಗಳು ಜಾರಿರುತ್ತದೆ.

ಈಗ ಓದುವ ಕ್ರಮ. ಸ್ಥಾನ ಮೂರರಿಂದ ಹದಿನೈದಕ್ಕೆ ಬಿದ್ದಿದ್ದರೆ ಅದು ಶ್ರೇಯಾಂಕದ ಪೆಟ್ಟು, ಎಐ ಕೈವಾಡವಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಗೂಗಲ್ 'ಹೆಲ್ಪ್‌ಫುಲ್ ಕಂಟೆಂಟ್' ಹೆಸರಿನಲ್ಲಿ ಮಾಡಿದ ಬದಲಾವಣೆಯಿಂದ ಎಷ್ಟೋ ಸಣ್ಣ ಸ್ವತಂತ್ರ ತಾಣಗಳು ಹೀಗೆ ಉರುಳಿದವು. 2024ರ ಮಾರ್ಚ್‌ನಲ್ಲಿ ಅದೇ ವ್ಯವಸ್ಥೆಯನ್ನು ಮುಖ್ಯ ಶ್ರೇಯಾಂಕದೊಳಗೇ ಸೇರಿಸಲಾಯಿತು. ಸ್ಥಾನವೂ ಇಂಪ್ರೆಷನ್ನೂ ಇದ್ದಲ್ಲೇ ಇದ್ದು ಕ್ಲಿಕ್ ಮಾತ್ರ ಕರಗಿದ್ದರೆ, ನಿಮ್ಮ ಉತ್ತರವನ್ನು ಹುಡುಕಾಟದ ಪುಟದಲ್ಲೇ ಬಡಿಸಿ ಮುಗಿಸುತ್ತಿದ್ದಾರೆ ಎಂದರ್ಥ. ಇಂಪ್ರೆಷನ್ ಮಾತ್ರ 2025ರ ಸೆಪ್ಟೆಂಬರ್‌ನಲ್ಲಿ ಧುತ್ತನೆ ಕುಸಿದು ಕ್ಲಿಕ್ ಹಾಗೇ ಇದ್ದರೆ ಗಾಬರಿ ಬೇಡ. ಒಂದೇ ಪುಟದಲ್ಲಿ 100 ಫಲಿತಾಂಶ ತರಿಸಿಕೊಳ್ಳುವ ದಾರಿಯನ್ನು ಗೂಗಲ್ ಆಗ ಮುಚ್ಚಿತು. ಸ್ಥಾನ ಅಳೆಯುವ ಸಾಫ್ಟ್‌ವೇರ್‌ಗಳು ಆ ದಾರಿಯಲ್ಲಿ ಬಂದು ಬೀಳಿಸುತ್ತಿದ್ದ ಇಂಪ್ರೆಷನ್‌ಗಳು ಹೋದವು, ಅಷ್ಟೆ. ಮೊದಲೂ ಅಲ್ಲಿ ಮನುಷ್ಯರಿರಲಿಲ್ಲ.

ಒಂದು ಮೋಸದ ತಾವು ಇದೆ. ಫಲಿತಾಂಶಗಳ ಮೇಲೆ ಗೂಗಲ್ ಬರೆದು ತೋರಿಸುವ ಎಐ ಸಾರಾಂಶದಲ್ಲಿ ನಿಮ್ಮ ಕೊಂಡಿ ಎಲ್ಲೋ ಮೂಲೆಯಲ್ಲಿದ್ದರೂ ಇಡೀ ಸಾರಾಂಶದ ಸ್ಥಾನವೇ ನಿಮ್ಮ ಸ್ಥಾನ ಎಂದು ಲೆಕ್ಕವಾಗುತ್ತದೆ. 'ಸ್ಥಾನ 1' ಎಂದು ಹಿಗ್ಗಿ ನೋಡಿದರೆ ಕ್ಲಿಕ್ ಸೊನ್ನೆ. 2025ರ ಮಾರ್ಚ್‌ನಲ್ಲಿ ಅಮೆರಿಕದ 900 ವಯಸ್ಕರು ಏನು ಹುಡುಕಿದರು, ಏನು ಒತ್ತಿದರು ಎಂಬುದನ್ನು ಪ್ಯೂ ಸಂಶೋಧನಾ ಕೇಂದ್ರ ಪರಿಶೀಲಿಸಿತ್ತು. ಎಐ ಸಾರಾಂಶ ಬಂದಾಗ ಕೆಳಗಿನ ಕೊಂಡಿ ಒತ್ತಿದ್ದು 100ಕ್ಕೆ 8 ಸಲ, ಬಾರದಿದ್ದಾಗ 15 ಸಲ. ಸಾರಾಂಶದೊಳಗಿನ ಆಕರದ ಕೊಂಡಿಯನ್ನು ಒತ್ತಿದ್ದು 100ಕ್ಕೆ ಒಂದೇ ಸಲ. ಅಡಿಟಿಪ್ಪಣಿ ಓದುವ ಜಾತಿ ಹಿಂದೆಯೂ ದೊಡ್ಡದಿರಲಿಲ್ಲ ಬಿಡಿ.

ಹಾಗೆಂದು ಈ ರೂಢಿಯನ್ನು ಎಐ ಹುಟ್ಟುಹಾಕಲಿಲ್ಲ. 2012ರಲ್ಲಿ ಹುಡುಕಾಟದ ಪುಟದಲ್ಲೇ ಮಾಹಿತಿ ಕೊಡುವ ಗೂಗಲ್‌ನ ನಾಲೆಡ್ಜ್ ಗ್ರಾಫ್ ಬಂತು, 2014ರಲ್ಲಿ ಉತ್ತರದ ತುಣುಕನ್ನು ಎಲ್ಲಕ್ಕಿಂತ ಮೇಲೆ ಚೌಕಟ್ಟು ಹಾಕಿ ತೋರಿಸುವ ಪದ್ಧತಿ ಬಂತು. ಆಗ ಎಲ್ಲರೂ ಆ ಚೌಕಟ್ಟಿನೊಳಗೆ ಕೂರಲು ಪೈಪೋಟಿ ನಡೆಸಿದರು. ನೀವೂ ಇದ್ದಿರಬಹುದು. 2022ರ ನವೆಂಬರ್ 30ಕ್ಕೆ ಚಾಟ್‌ಜಿಪಿಟಿ, 2024ರ ಮೇನಲ್ಲಿ ಗೂಗಲ್‌ನ ಎಐ ಸಾರಾಂಶ. ಬಾಗಿಲು ಹತ್ತು ವರ್ಷದ ಹಿಂದೆಯೇ ತೆರೆದಿತ್ತು, ಈಗ ಸಾಮಾನು ಸಾಗಿಸುವ ಗಾಡಿ ಬಂದಿದೆ.

ಬಂದವರ ತಲೆ ಎಣಿಸುವುದು ನಮಗೆ ಅಷ್ಟು ಮುಖ್ಯವಲ್ಲ. ನಿಮ್ಮ ತಾಣದಿಂದ ಹೊರಬಿದ್ದ ಉತ್ತರದಲ್ಲಿ ಏನು ಉದುರಿಹೋಯಿತು ಎಂಬುದೇ ನಮ್ಮ ಹಳೆಯ ಹಟ. ಪತ್ರದ ಜೊತೆ ನೀವು ಕಳಿಸಿದ ಚಿತ್ರದಲ್ಲಿ ಅತಿ ಹೆಚ್ಚು ಇಂಪ್ರೆಷನ್, ಅತಿ ಕಡಿಮೆ ಕ್ಲಿಕ್ ಇರುವ ಪ್ರಶ್ನೆ 'ಸಿಂಗಲ್ ಫೇಸ್ ಮೋಟಾರು ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ'. ಯಂತ್ರದ ಸಾರಾಂಶ ಒಂದೇ ಸಾಲು: ಸ್ಟಾರ್ಟ್ ಕೆಪ್ಯಾಸಿಟರ್ ಬದಲಿಸಿ. ಮೋಟಾರು ಹೊರಡುವಾಗ ತಳ್ಳು ಕೊಡುವ ಬಿಡಿಭಾಗ ಅದು. ಉತ್ತರ ತಪ್ಪೇನಲ್ಲ, ಹೆಚ್ಚಿನ ಸಲ ಅದೇ ಕಾರಣ.

ನಿಮ್ಮ ಥ್ರೆಡ್ಡಿನಲ್ಲಿ, ಅಂದರೆ ಆ ಪ್ರಶ್ನೆಯಡಿ ಬಂದ ಉತ್ತರಗಳ ಸಾಲಿನಲ್ಲಿ, ಇರುವುದು ಬೇರೆ. ಮೊದಲನೆಯವರು ಕೆಪ್ಯಾಸಿಟರ್ ಎಂದರು. ಎರಡನೆಯವರು ತಡೆದು, ಮೊದಲು ಕರೆಂಟ್ ತೆಗೆದು ಶಾಫ್ಟನ್ನು ಕೈಯಲ್ಲಿ ತಿರುಗಿಸಿ ನೋಡಿ ಎಂದರು. ಬಿಗಿಯಾಗಿದ್ದರೆ ಬೇರಿಂಗ್ ಅಥವಾ ಇಂಪೆಲ್ಲರ್ ಹಿಡಿದಿದೆ, ಕೆಪ್ಯಾಸಿಟರ್ ಬದಲಿಸಿ ಪ್ರಯೋಜನವಿಲ್ಲ. ಸಲೀಸಾಗಿ ತಿರುಗಿದರೆ ಮಾತ್ರ ಕೆಪ್ಯಾಸಿಟರಿಗೆ ಕೈ ಹಾಕಿ. ಅದೂ ಸುಮಾರು 20 ಕಿಲೋಓಮ್, 5 ವ್ಯಾಟ್ ರೆಸಿಸ್ಟರ್ ಹಿಡಿದು ಅದರಲ್ಲಿ ಉಳಿದ ಚಾರ್ಜ್ ಇಳಿಸಿ, ಮೀಟರಿನಲ್ಲಿ ವೋಲ್ಟೇಜ್ ಸೊನ್ನೆ ಎಂದು ಖಾತ್ರಿ ಮಾಡಿಕೊಂಡ ಮೇಲೆ. ಹೊಸದರ ಮೈಕ್ರೋಫ್ಯಾರಡ್ ಹಳೆಯದರಷ್ಟೇ ಇರಲಿ, ವೋಲ್ಟೇಜ್ ಮಾತ್ರ ಅಷ್ಟೇ ಅಥವಾ ಹೆಚ್ಚು. 'ಸ್ವಲ್ಪ ದೊಡ್ಡದು ಹಾಕಿದರೆ ಜೋರು ಬರುತ್ತದೆ' ಎಂದವರ ಸ್ಟಾರ್ಟ್ ವೈಂಡಿಂಗ್ ಕಾದು ಸುಟ್ಟ ಕಥೆಯೂ ಅಲ್ಲೇ ಕೆಳಗಿದೆ.

ಆಮೇಲೆ ಬಂದರು ಮೂರನೆಯವರು. "ಹೊಸ ಕೆಪ್ಯಾಸಿಟರ್ ಎರಡೇ ವಾರಕ್ಕೆ ಮತ್ತೆ ಸುಟ್ಟಿತೇ? ಹಾಗಾದರೆ ತಪ್ಪು ಅದರದ್ದಲ್ಲ. ಮೋಟಾರು ಆಫ್ ಮಾಡಿ, ನಿಧಾನವಾಗುತ್ತಾ ನಿಲ್ಲುವಾಗ 'ಟಕ್' ಅನ್ನುತ್ತದೆಯೇ, ಕಿವಿಗೊಟ್ಟು ಕೇಳಿ." ಆ ಟಕ್, ಮೋಟಾರು ವೇಗ ಹಿಡಿದಾಗ ಸ್ಟಾರ್ಟ್ ಕೆಪ್ಯಾಸಿಟರನ್ನು ಸರ್ಕ್ಯೂಟಿನಿಂದ ಬಿಡಿಸುವ ಸೆಂಟ್ರಿಫ್ಯೂಗಲ್ ಸ್ವಿಚ್ ಮತ್ತೆ ಕೂಡಿಕೊಳ್ಳುವ ಸದ್ದು. ಅದು ಬರದಿದ್ದರೆ ಸ್ವಿಚ್ ಎಲ್ಲೋ ಅಂಟಿಕೊಂಡಿದೆ. ಮುಚ್ಚಿದಂತೆ ಅಂಟಿದ್ದರೆ, ಕೆಲವೇ ಸೆಕೆಂಡು ಕೆಲಸ ಮಾಡಲೆಂದು ಮಾಡಿದ ಕೆಪ್ಯಾಸಿಟರ್ ಮೋಟಾರು ಓಡುವಷ್ಟು ಹೊತ್ತೂ ಸರ್ಕ್ಯೂಟಿನಲ್ಲೇ ಉಳಿದು ಸುಡುತ್ತದೆ. ತೆರೆದಂತೆ ಅಂಟಿದ್ದರೆ ಮತ್ತದೇ ಗುಂಯ್, ಎಷ್ಟು ಹೊಸ ಕೆಪ್ಯಾಸಿಟರ್ ಹಾಕಿದರೂ.

ಈ 'ಟಕ್' ಸಾರಾಂಶಕ್ಕೆ ಬರುವುದಿಲ್ಲ. ಹತ್ತು ಜನ ಹೇಳಿದ್ದು ಉಳಿಯುತ್ತದೆ, ಹನ್ನೊಂದನೆಯವನ ತಕರಾರು ಸೋಸಿಹೋಗುತ್ತದೆ. ಉಲ್ಟಾ ಆಗುವುದೂ ಉಂಟು. ಪಿಜ್ಜಾದ ಚೀಸ್ ಜಾರದಿರಲು ಅಂಟು ಬೆರೆಸಿ ಎಂದು 2024ರಲ್ಲಿ ಗೂಗಲ್‌ನ ಸಾರಾಂಶ ಹೇಳಿದ್ದು ನೆನಪಿರಬೇಕು. ರೆಡಿಟ್ ಎಂಬ ದೊಡ್ಡ ಚರ್ಚಾ ತಾಣದಲ್ಲಿ ಹತ್ತಕ್ಕೂ ಹೆಚ್ಚು ವರ್ಷ ಹಿಂದೆ ಯಾರೋ ಆಡಿದ ತಮಾಷೆ ಅದು. ಅಲ್ಲಿ ಕೂತವರಿಗೆ ಅದು ತಮಾಷೆ ಎಂದು ಯಾರೂ ವಿವರಿಸಬೇಕಿರಲಿಲ್ಲ.

ಚಾಟ್‌ಜಿಪಿಟಿ ಬಂದ ವಾರದೊಳಗೇ ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ತಾಣ ಸ್ಟ್ಯಾಕ್ ಓವರ್‌ಫ್ಲೋ ತನ್ನಲ್ಲಿ ಅದರ ಉತ್ತರಗಳನ್ನು ಹಾಕಬಾರದೆಂದು ತಡೆದದ್ದೂ ಇದೇ ಕಾರಣಕ್ಕೆ. ನೋಡಲು ಸರಿಯಾಗಿ ಕಾಣುವ ತಪ್ಪು ಉತ್ತರ ಬರೆಯಲು ಅರೆನಿಮಿಷ, ಅದನ್ನು ತಪ್ಪೆಂದು ತೋರಿಸಲು ಬಲ್ಲವರ ಒಂದು ಸಂಜೆ. ತಮಾಷೆಯೆಂದರೆ, 2024ರ ಮೇನಲ್ಲಿ ಅದೇ ತಾಣ ಚಾಟ್‌ಜಿಪಿಟಿಯ ಒಡೆಯ ಓಪನ್‌ಎಐ ಜೊತೆ ಒಪ್ಪಂದ ಮಾಡಿಕೊಂಡಿತು. ಸಿಟ್ಟಿಗೆ ತಮ್ಮದೇ ಹಳೆಯ ಉತ್ತರಗಳನ್ನು ಅಳಿಸಹೋದ ಕೆಲವರ ಖಾತೆಗಳನ್ನು ತಡೆಹಿಡಿಯಿತು. ಅದಕ್ಕೂ ಮೊದಲು, 2024ರ ಫೆಬ್ರವರಿಯಲ್ಲಿ, ರೆಡಿಟ್‌ನ ಮಾತುಕತೆಗಳಿಗೆ ಗೂಗಲ್ ವರ್ಷಕ್ಕೆ ಸುಮಾರು 6 ಕೋಟಿ ಡಾಲರ್ ಕೊಡುತ್ತದೆಂದು ವರದಿಯಾಯಿತು. ಬಿಟ್ಟಿಯಾಗಿ ಬರೆದುಕೊಟ್ಟವರ ಹೆಸರು ಆ ಲೆಕ್ಕದಲ್ಲಿಲ್ಲ. ಕೂತು ಉಂಡರೆ ಕುಡಿಕೆ ಹೊನ್ನು ಸಾಲದು ಅನ್ನುತ್ತಾರೆ. ಇಲ್ಲಿ ಕುಡಿಕೆ ಒಬ್ಬರದ್ದು, ಕೂತು ಉಣ್ಣುವವರು ಇನ್ನೊಬ್ಬರು. ನಾಳೆ ಹೊಸ ಮಾದರಿಯ ಮೋಟಾರು ಬಂದು, ಅದರ ರೋಗವನ್ನು ಯಾರೂ ಎಲ್ಲರೆದುರು ಕೇಳದೆ ಒಬ್ಬೊಬ್ಬರೇ ಯಂತ್ರದ ಕಿವಿಯಲ್ಲಿ ಹೇಳಿಕೊಂಡರೆ, ಯಂತ್ರ ಕಲಿಯುವುದು ಯಾರಿಂದ?

ಯಂತ್ರವನ್ನಷ್ಟೇ ಬೈದರೆ ಅನ್ಯಾಯವಾದೀತು. ಎಐಗೆ ಮುಂಚೆಯೇ ಜನ ಚರ್ಚೆಯನ್ನು ಎತ್ತಿಕೊಂಡು ವಾಟ್ಸ್‌ಆ್ಯಪ್, ಟೆಲಿಗ್ರಾಂ ಗುಂಪುಗಳಿಗೆ ಹೋದರು. ಅಲ್ಲಿ ಬರೆದದ್ದು ನಾಳೆ ಹುಡುಕಿದರೆ ಸಿಗದು, ಶುಭೋದಯದ ಚಿತ್ರಗಳಡಿ ಹೂತಿರುತ್ತದೆ.

ಈಗ ಬಾಗಿಲು ಹಾಕುವ ಮಾತು. ನಿಮ್ಮ ಸರ್ವರ್ ಬಳಲಿದ್ದು ಬಾಟ್‌ಗಳಿಂದಲೇ ಇರಬೇಕು. ಸಂದರ್ಶಕರನ್ನು ಎಣಿಸುವ ಸಾಫ್ಟ್‌ವೇರ್ ನಡೆಯುವುದು ಬ್ರೌಸರಿನ ಜಾವಾಸ್ಕ್ರಿಪ್ಟ್‌ನಲ್ಲಿ. ಬಹಳಷ್ಟು ಬಾಟ್‌ಗಳು ಅದನ್ನು ಓಡಿಸುವುದೇ ಇಲ್ಲ, ಅದಕ್ಕೇ ಲೆಕ್ಕಕ್ಕೆ ಬರುವುದಿಲ್ಲ. ಯಾರು ಯಾವ ಪುಟ ಕೇಳಿದರೆಂದು ಬರೆದಿಡುವ ಸರ್ವರ್ ಲಾಗ್ ನೋಡಿ. ಚರ್ಚಾ ತಾಣದಲ್ಲಿ ಒಂದೇ ಥ್ರೆಡ್ಡಿಗೆ ಮುದ್ರಣದ ಪುಟ, ವಿಂಗಡಣೆಯ ಪುಟ, ಒಂದೊಂದು ಪ್ರತಿಕ್ರಿಯೆಗೂ ಒಂದೊಂದು ವಿಳಾಸ, ಸದಸ್ಯರ ಪ್ರೊಫೈಲ್ ಎಂದು ಹತ್ತಾರು ವಿಳಾಸಗಳಿರುತ್ತವೆ. ಬಾಟ್ ಒಂದನ್ನೂ ಬಿಡುವುದಿಲ್ಲ. ಥ್ರೆಡ್ಡಿನ ಮೂಲ ಪುಟ ಬಿಟ್ಟು ಉಳಿದವನ್ನು, ಬಾಟ್‌ಗಳು ಎಲ್ಲಿಗೆ ಬರಬಾರದೆಂದು ಬರೆದಿಡುವ ರೋಬೋಟ್ಸ್ ಕಡತದಲ್ಲಿ ತಡೆಯಿರಿ, ಲಾಗಿನ್ ಆಗದವರಿಗೆ ಕ್ಯಾಶ್ ಮಾಡಿದ, ಅಂದರೆ ಮೊದಲೇ ಸಿದ್ಧಮಾಡಿಟ್ಟ, ಪುಟ ಕೊಡಿ, ಅತಿ ವೇಗದಲ್ಲಿ ಬಂದವರಿಗೆ 429 ಉತ್ತರ ('ಕೇಳಿದ್ದು ಅತಿಯಾಯಿತು') ಕೊಟ್ಟು ನಿಲ್ಲಿಸಿ. ರೋಬೋಟ್ಸ್ ಕಡತ 1994ರಿಂದ ನಡೆದುಬಂದ ಮರ್ಯಾದೆಯ ಮಾತು, ಬೀಗವಲ್ಲ. ಮರ್ಯಾದೆ ಇದ್ದವರು ಮಾತ್ರ ಕೇಳುತ್ತಾರೆ.

ಎಲ್ಲ ಬಾಟ್‌ಗಳೂ ಒಂದೇ ಅಲ್ಲ. ಓಪನ್‌ಎಐನದೇ ಎರಡಿವೆ: ಜಿಪಿಟಿಬಾಟ್ ಬರುವುದು ಎಐ ಮಾದರಿಯ ತರಬೇತಿಗೆ, ಓಎಐ-ಸರ್ಚ್‌ಬಾಟ್ ಬರುವುದು ಹುಡುಕಾಟದಲ್ಲಿ ಕೊಂಡಿ ತೋರಿಸಲು. ಮೊದಲನೆಯದನ್ನು ತಡೆದು ಎರಡನೆಯದನ್ನು ಬಿಡಬಹುದು. ಗೂಗಲ್‌ನ ಎಐ ತರಬೇತಿಗೆ ಬೇಡವೆನ್ನಲು ರೋಬೋಟ್ಸ್ ಕಡತದಲ್ಲಿ ಬರೆಯುವ ಹೆಸರು ಗೂಗಲ್-ಎಕ್ಸ್‌ಟೆಂಡೆಡ್. ಅದನ್ನು ತಡೆದರೆ ಎಐ ಸಾರಾಂಶದಿಂದ ಪಾರಾದೆವೆಂದು ಬಹಳ ಜನ ನಂಬಿದ್ದಾರೆ. ಇಲ್ಲ. ಸಾರಾಂಶಕ್ಕೆ ಸರಕು ಸಾಗಿಸುವುದು ಮಾಮೂಲಿ ಗೂಗಲ್‌ಬಾಟ್. ಅದನ್ನೇ ತಡೆದರೆ ಹುಡುಕಾಟದಲ್ಲೂ ಕುರುಡು. ಪುಟದ ತುಣುಕು ತೋರಿಸಬೇಡಿ ಎನ್ನುವ 'ನೋಸ್ನಿಪೆಟ್' ಗುರುತು ಹಾಕಿದರೆ ಸಾರಾಂಶದ ಜೊತೆಗೆ ಕೊಂಡಿಯ ಕೆಳಗಿನ ವಿವರಣೆಯೂ ಹೋಗುತ್ತದೆ. 'ಡೇಟಾ-ನೋಸ್ನಿಪೆಟ್' ಗುರುತನ್ನು ಪುಟದ ಒಂದು ಭಾಗಕ್ಕೆ ಮಾತ್ರ ಹಾಕಬಹುದು. ಪ್ರಶ್ನೆಯನ್ನೂ ಮೊದಲ ಉತ್ತರವನ್ನೂ ತೆರೆದಿಟ್ಟು, ಎರಡನೆಯವರಿಂದ ಕೆಳಕ್ಕೆ ಈ ಗುರುತು ಹಾಕಿ ಕೆಲವು ಥ್ರೆಡ್‌ಗಳಲ್ಲಿ ಎರಡು ತಿಂಗಳು ನೋಡಿ.

ಬೀಗ ಜಡಿಯುವ ಮುನ್ನ ಎಣಿಸಬೇಕಾದ್ದು ಬೇರೆ: ತಿಂಗಳಿಗೆ ಎಷ್ಟು ಹೊಸ ಪ್ರಶ್ನೆ, ಎಷ್ಟಕ್ಕೆ ಮೂರನೆಯವರು ಬಂದು ತಿದ್ದಿದರು, ಕೇಳಿದವರು ಎಷ್ಟು ಜನ ಹಿಂತಿರುಗಿ ಏನಾಯಿತೆಂದು ಹೇಳಿದರು. ಆ ಗುಂಯ್ ಥ್ರೆಡ್ಡಿನ ಕೊನೆಯ ಸಾಲು ನೋಡಿದಿರಾ? 'ಸರಿಹೋಯ್ತು, ಥ್ಯಾಂಕ್ಸ್' ಎಂದಷ್ಟೇ ಇದೆ. ಏನು ಮಾಡಿದ ಮೇಲೆ? ನಿರ್ವಾಹಕರಾಗಿ ನೀವೂ ಕೇಳಲಿಲ್ಲ, ಥ್ರೆಡ್ಡಿಗೆ 'ಬಗೆಹರಿದಿದೆ' ಎಂದು ಹಸಿರು ಗುರುತು ಹಾಕಿ ಸುಮ್ಮನಾದಿರಿ. ಆ ಸದಸ್ಯರ ಇಮೇಲ್ ನಿಮ್ಮ ಬಳಿ ಇರಬೇಕು. ಇವತ್ತು ಬರೆದು ಕೇಳಿ, ಮೋಟಾರು ನಿಲ್ಲುವಾಗ ಟಕ್ ಅನ್ನುತ್ತಿತ್ತೇ ಅಂತ.

- ಸಂಪಾದಕರು