ಬೈಕಿನ ಬ್ಯಾಡ್ಜಿನಲ್ಲಿ ಬಂದೂಕು ಯಾಕೆ?

ಪ್ರಶ್ನೆ: ಇಂಗ್ಲೆಂಡಿನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಹಳೇ ಗಾಡಿಗಳ ಪ್ರದರ್ಶನದಲ್ಲಿ ಹಳದಿ ಬಣ್ಣದ ಬಿಎಸ್‌ಎ ಎಂ21 ಬೈಕ್ ನೋಡಿದೆ. ಸೈಡ್‌ಕಾರಿನಲ್ಲಿ ಸೀಟಿಲ್ಲ, ಬರೀ ಪೆಟ್ಟಿಗೆ. ಬ್ಯಾಡ್ಜಿನಲ್ಲಿ ಮೂರು ಬಂದೂಕು. ಸುಮಾರು 600 ಸಿಸಿ ಎಂಜಿನ್, ಆದರೆ ಶಕ್ತಿ ಬರೀ 15 ಎಚ್‌ಪಿಯಂತೆ! ಈ ಕಂಪನಿ ಈಗಲೂ ಇದೆಯೇ ಸರ್?

ಉತ್ತರ: ಅದು ಬ್ರಿಟನ್ನಿನ ಆಟೊಮೊಬೈಲ್ ಅಸೋಸಿಯೇಷನ್ನಿನ ಗಸ್ತು ಗಾಡಿ. ಸದಸ್ಯರ ಕಾರು ದಾರಿಯಲ್ಲಿ ಕೆಟ್ಟು ನಿಂತರೆ ಸಹಾಯಕ್ಕೆ ಬರುತ್ತಿದ್ದದ್ದು ಇದೇ. ಪೆಟ್ಟಿಗೆ ತುಂಬ ರಿಪೇರಿ ಸಾಮಾನು. 1960ರ ದಶಕದಲ್ಲಿ ವ್ಯಾನ್‌ಗಳು ಇದರ ಜಾಗಕ್ಕೆ ಬಂದವು.

15 ಎಚ್‌ಪಿ ಅಂತ ಮೂಗು ಮುರಿಯಬೇಡಿ. ಇದು ಸೈಡ್‌ವಾಲ್ವ್ ಎಂಜಿನ್. ವಾಲ್ವ್‌ಗಳು ಸಿಲಿಂಡರಿನ ಪಕ್ಕದಲ್ಲಿರುತ್ತವೆ, ಕಂಪ್ರೆಷನ್ (ಸಿಲಿಂಡರಿನೊಳಗೆ ಪೆಟ್ರೋಲ್-ಗಾಳಿ ಮಿಶ್ರಣವನ್ನು ಒತ್ತುವ ಪ್ರಮಾಣ) ಕಡಿಮೆ. ಜೋರಾಗಿ ಓಡುವುದಿಲ್ಲ, ಆದರೆ ಕಡಿಮೆ ಆರ್‌ಪಿಎಂನಲ್ಲೇ ಭಾರ ಎಳೆಯುತ್ತದೆ. ಸೈಡ್‌ಕಾರಿಗೆ ಬೇಕಾದದ್ದು ಅದೇ ಅಲ್ವಾ? ಜೊತೆಗೆ ಎಂಜಿನ್ ಕಡೆ ಚಿಕ್ಕ ಸ್ಪ್ರಾಕೆಟ್ (ಚೈನಿನ ಹಲ್ಲುಚಕ್ರ) ಹಾಕಿ ಎಳೆತ ಇನ್ನೂ ಹೆಚ್ಚಿಸುತ್ತಿದ್ದರು. ನನ್ನ ಪ್ರಕಾರ ಬಿಎಸ್‌ಎ ಮಾಡಿದ ಅತ್ಯಂತ ಪ್ರಾಮಾಣಿಕ ಗಾಡಿ ಇದು.

ಓಡಿಸುವುದು ಮಾತ್ರ ಬೇರೆಯೇ ವಿದ್ಯೆ. ಬ್ರಿಟನ್ನಿನಲ್ಲೂ ಸೈಡ್‌ಕಾರ್ ಎಡಕ್ಕೇ ಇರುತ್ತದೆ. ಆಕ್ಸಿಲರೇಟರ್ ಕೊಟ್ಟರೆ ಗಾಡಿ ಎಡಕ್ಕೆ ಎಳೆಯುತ್ತದೆ, ಬಿಟ್ಟರೆ ಬಲಕ್ಕೆ. ಖಾಲಿ ಸೈಡ್‌ಕಾರಿನೊಂದಿಗೆ ಎಡ ತಿರುವಿಗೆ ಜೋರಾಗಿ ನುಗ್ಗಿದರೆ ಅದರ ಚಕ್ರ ಮೇಲೇಳುತ್ತದೆ. ಬುಲೆಟ್ ಓಡಿಸಿ ಪಳಗಿದವರೂ ಮೊದಲ ದಿನ ಬೆವರುತ್ತಾರೆ. ಇಲ್ಲಿ ಗಾಡಿ ಬಾಗಿಸಿ ತಿರುಗಿಸಲು ಆಗುವುದಿಲ್ಲ, ಹ್ಯಾಂಡಲ್ಲನ್ನೇ ತಿರುಗಿಸಬೇಕು.

ಇನ್ನು ಬಂದೂಕಿನ ವಿಷಯ. ಬಿಎಸ್‌ಎ ಅಂದರೆ ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್. ಊರಿನ ಬಂದೂಕು ತಯಾರಕರು ಸೇರಿ 1861ರಲ್ಲಿ ಕಟ್ಟಿದ ಕಂಪನಿ. ಬಂದೂಕಿನ ಆರ್ಡರ್ ಕಡಿಮೆಯಾದಾಗ ಸೈಕಲ್ಲಿಗೆ ಕೈ ಹಾಕಿದರು, 1910ರಲ್ಲಿ ಮೋಟಾರ್‌ಸೈಕಲ್ ತೋರಿಸಿದರು. ಎರಡನೇ ಮಹಾಯುದ್ಧದಲ್ಲಿ ಎಂ21ರ ತಮ್ಮ, 496 ಸಿಸಿಯ ಎಂ20, ಸುಮಾರು 1,26,000 ತಯಾರಾದವು. ಅದೇ ಯುದ್ಧದಲ್ಲಿ, 1940ರ ನವೆಂಬರಿನಲ್ಲಿ, ಬರ್ಮಿಂಗ್‌ಹ್ಯಾಮಿನ ಸ್ಮಾಲ್ ಹೀತ್‌ನಲ್ಲಿದ್ದ ಬಿಎಸ್‌ಎ ಕಾರ್ಖಾನೆಯ ಮೇಲೆ ಜರ್ಮನ್ ಬಾಂಬು ಬಿದ್ದು 53 ಕೆಲಸಗಾರರು ಸತ್ತರು.

1951ರಲ್ಲಿ ಇನ್ನೊಂದು ಬ್ರಿಟಿಷ್ ಬೈಕ್ ಕಂಪನಿ ಟ್ರಯಂಫನ್ನೇ ಕೊಂಡುಕೊಂಡಷ್ಟು ದೊಡ್ಡ ಕಂಪನಿ ಸಾಲದಲ್ಲಿ ಮುಳುಗಿತು. 1973ರಲ್ಲಿ ಅದರ ಬೈಕ್ ವಹಿವಾಟು ನಾರ್ಟನ್ ವಿಲಿಯರ್ಸ್ ಟ್ರಯಂಫ್ ಎಂಬ ಹೊಸ ಕಂಪನಿಗೆ ಸೇರಿಹೋಯಿತು. ಹೆಸರು ಮಾತ್ರ ಈಗ ನಮ್ಮವರ ಕೈಯಲ್ಲಿದೆ. ಮಹೀಂದ್ರದ ಕ್ಲಾಸಿಕ್ ಲೆಜೆಂಡ್ಸ್ 2016ರಲ್ಲಿ ಅದನ್ನು ಕೊಂಡು, 2021ರಲ್ಲಿ ಗೋಲ್ಡ್ ಸ್ಟಾರ್ 650 ಬೈಕ್ ಪರಿಚಯಿಸಿತು.