‘ಅಂಗಾರೆ ನಾನು ನಾಟ್ಕ ಆಡ್ತಿವ್ನಿ ಅಂತೀರಾ ಮೇಡಂ?’

ಕತ್ತು ನೋವೆಂದು ಸಲಹೆಗೆ ನನ್ನ ಬಳಿ ಬರುವವರಲ್ಲಿ ಒಂದು ಬಗೆಯವರು ಮತ್ತೆ ಮತ್ತೆ ಸಿಗುತ್ತಾರೆ. ಬಿದ್ದಿಲ್ಲ, ಪೆಟ್ಟಾಗಿಲ್ಲ. ಆದರೆ ರಿಪೋರ್ಟಿನಲ್ಲಿ ಮೂಳೆ ಸವೆತ ಎಂದಿದೆ, ಕೊರಳಿಗೆ ತಿಂಗಳುಗಟ್ಟಲೆ ಕಾಲರ್, ಅಂದರೆ ಕತ್ತು ಅಲುಗದಂತೆ ಹಿಡಿಯುವ ಪಟ್ಟಿ, ಬಿದ್ದಿದೆ, ತಲೆ ತಿರುಗಿಸಲು ಹೆದರಿಕೆ. ಅಂಥ ಒಬ್ಬರ ಪ್ರಕರಣ ಇದು. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದೆ.

ಮಂಡ್ಯ ಕಡೆಯ ಹೆಣ್ಣುಮಗಳು, ನಲವತ್ತರ ಆಸುಪಾಸು. ಮನೆಯಲ್ಲೇ ರವಿಕೆ ಹೊಲಿಯುತ್ತಾರೆ, ಸೀರೆಗೆ ಫಾಲ್ ಹಾಕಿಕೊಡುತ್ತಾರೆ. ಕೈ ಜೋಮು ಹಿಡಿಯುವುದು, ಹಿಡಿತ ಸಡಿಲವಾಗುವುದು, ನಡಿಗೆ ತೂರಾಡುವುದು, ಜ್ವರ, ತೂಕ ಇಳಿಯುವುದು, ಮೂತ್ರದ ಹತೋಟಿ ತಪ್ಪುವುದು, ಇವು ಯಾವುವೂ ಇರಲಿಲ್ಲ. ಇವುಗಳಲ್ಲಿ ಒಂದಿದ್ದರೂ ಸಲಹೆಯ ಮಾತು ಬದಿಗಿಟ್ಟು ತಡಮಾಡದೆ ವೈದ್ಯರಿಗೆ ತೋರಿಸಬೇಕು. ಇವರನ್ನು ವೈದ್ಯರು ಪರೀಕ್ಷಿಸಿ, ನಿರ್ದಿಷ್ಟ ಕಾರಣವಿಲ್ಲದ ಕತ್ತು ನೋವು ಎಂದು ಬರೆದೇ ಕಳಿಸಿದ್ದರು.

ಎರಡನೆಯ ಭೇಟಿ. ‘ಬಲಕ್ಕೆ ತಿರುಗಿ’ ಎಂದರೆ ಗದ್ದ ನಾಲ್ಕು ಬೆರಳಷ್ಟೂ ಸರಿಯದು. ಭುಜ ಸಮೇತ ಇಡೀ ಮೈ ತಿರುಗುತ್ತಿತ್ತು. ಕಾಲರ್ ಬಿಚ್ಚಿ ಮಡಿಲಲ್ಲಿಟ್ಟುಕೊಂಡು ಮಾತಾಡುತ್ತಿದ್ದಾಗ ಬಾಗಿಲಲ್ಲಿ ಮಗಳು ‘ಅವ್ವಾ, ಬಸ್ಸಿಗೆ ಹೊತ್ತಾಯ್ತು’ ಎಂದಳು. ಇವರು ಸರಕ್ಕನೆ ಬಲಕ್ಕೆ ಹೊರಳಿ ‘ಇರವ್ವ, ಬಂದೆ’ ಎಂದರು. ಗದ್ದ ಹೆಚ್ಚುಕಡಿಮೆ ಭುಜದ ನೇರಕ್ಕೆ ಬಂದಿತ್ತು.

‘ಈಗ ನೋಡಿ, ಕತ್ತು ತಿರುಗ್ತು’ ಎಂದದ್ದೇ ತಡ, ಮುಖ ಕಪ್ಪಿಟ್ಟಿತು. ‘ಅಂಗಾರೆ ನಾನು ನಾಟ್ಕ ಆಡ್ತಿವ್ನಿ ಅಂತೀರಾ ಮೇಡಂ? ನಮ್ಮತ್ತೆನೂ ಅದ್ನೇ ಅನ್ನದು.’

ಕಂಡದ್ದನ್ನು ಬಾಯಿಬಿಟ್ಟು ಹೇಳಬಾರದು, ಮನಸ್ಸಿಗೆ ನೋವಾಗುತ್ತದೆ ಎನ್ನುವ ಸಲಹೆಗಾರರಿದ್ದಾರೆ. ನಾನು ಒಪ್ಪುವುದಿಲ್ಲ. ತನ್ನ ಕತ್ತು ತಿರುಗುತ್ತದೆ ಎಂಬುದಕ್ಕೆ ಅವರದೇ ಕತ್ತಿಗಿಂತ ಬೇರೆ ಸಾಕ್ಷಿ ಬೇಕಿಲ್ಲ. ಆದರೆ ಅಲ್ಲಿಗೇ ನಿಲ್ಲಿಸಿದರೆ ಅದು ಅತ್ತೆಯ ಮಾತೇ ಆಗಿಬಿಡುತ್ತದೆ. ನಾಟಕ ಎನಿಸಿಕೊಂಡವರು ನೋವು ನಿಜವೆಂದು ತೋರಿಸುವುದಕ್ಕೇ ಇನ್ನಷ್ಟು ಬಿಗಿದುಕೊಳ್ಳುತ್ತಾರೆ. ಅದಕ್ಕೇ ಕೂಡಲೇ ಹೇಳಿದೆ: ‘ಇಲ್ಲಮ್ಮ, ನೋವು ನಿಜ. ಕತ್ತು ಕೆಟ್ಟುಹೋಗಿದೆ ಅನ್ನೋದು ಮಾತ್ರ ನಿಜ ಅಲ್ಲ. ನೋಯುತ್ತೆ ಅಂತ ಹೆದರಿದಾಗ ಸ್ನಾಯು ಮೊದಲೇ ಬಿಗಿಯುತ್ತೆ. ಬಿಗಿದದ್ದನ್ನ ತಿರುಗಿಸೋಕೆ ಹೋದ್ರೆ ನೋಯುತ್ತೆ. ಮಗಳು ಕರೆದಾಗ ನಿಮಗೆ ಹೆದರೋಕೆ ಪುರುಸೊತ್ತಿರಲಿಲ್ಲ.’ ಸ್ವಲ್ಪ ಹೊತ್ತು ಸುಮ್ಮನಿದ್ದು, ತಾವಾಗಿಯೇ ಮೆಲ್ಲಗೆ ಎಡಕ್ಕೊಮ್ಮೆ ತಿರುಗಿ ನೋಡಿದರು.

ರಿಪೋರ್ಟಿನ ಮಾತೂ ಆಡಲೇಬೇಕಾಯಿತು. 2015ರಲ್ಲಿ ಪ್ರಕಟವಾದ ಜಪಾನಿನ ಅಧ್ಯಯನವೊಂದರಲ್ಲಿ, ರೋಗಲಕ್ಷಣಗಳೇ ಇಲ್ಲದ 1,211 ಮಂದಿಯ ಕತ್ತಿನ ಎಂಆರ್‌ಐ ತೆಗೆದಾಗ ನೂರಕ್ಕೆ 87ಕ್ಕೂ ಹೆಚ್ಚು ಜನರಲ್ಲಿ ಡಿಸ್ಕ್, ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ, ಉಬ್ಬಿದ್ದು ಕಂಡಿತ್ತು. ವಯಸ್ಸಿನೊಂದಿಗೆ ಕೂದಲು ನರೆತಂತೆ ಇದೂ. ಚಿತ್ರದಲ್ಲಿ ಸವೆತ ಕಂಡಿತೆಂದ ಮಾತ್ರಕ್ಕೆ ನೋವಿನ ಮೂಲ ಸಿಕ್ಕಿತೆಂದಲ್ಲ.

ಕಾಲರನ್ನು ಒಂದೇ ದಿನ ಕಿತ್ತೆಸೆಯಲು ಹೇಳಲಿಲ್ಲ. ಹಾಗೆ ಮಾಡಿದವರು ನೋವು ಹೆಚ್ಚಿತೆಂದು ವಾರದಲ್ಲೇ ಮತ್ತೆ ಕಟ್ಟಿಕೊಳ್ಳುತ್ತಾರೆ. ಮೊದಲು ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಬಿಚ್ಚಿಡುವುದು, ಎರಡು ದಿನಕ್ಕೊಮ್ಮೆ ಆ ಹೊತ್ತನ್ನು ಹೆಚ್ಚಿಸುವುದು. ಬಸ್ಸಿನಲ್ಲಿ ಬಿಚ್ಚುವುದು ಕಡೆಗೆ.

ಫಿಸಿಯೋಥೆರಪಿಯವರು ಕಲಿಸಿದ ಮುಖ್ಯ ವ್ಯಾಯಾಮ ನೋಡಲು ಏನೂ ಅಲ್ಲ ಎನಿಸುತ್ತದೆ, ತಪ್ಪುವುದೂ ಅಲ್ಲೇ. ಮಂಡಿ ಮಡಿಸಿ ಅಂಗಾತ ಮಲಗಿ, ತಲೆಯಡಿ ಮಡಿಸಿದ ಟವೆಲ್ ಇಟ್ಟು, ‘ಹೂಂ’ ಎನ್ನುವಾಗಿನಷ್ಟೇ ಗದ್ದವನ್ನು ಒಳಗೆಳೆದು 10 ಸೆಕೆಂಡ್ ಹಿಡಿಯುವುದು, ಹೀಗೆ 10 ಸಲ. ತಲೆ ಮೇಲೇಳಬಾರದು, ಟವೆಲನ್ನು ಒತ್ತಲೂಬಾರದು. ಇವರು ಹಲ್ಲು ಕಚ್ಚಿ ಉಸಿರು ಹಿಡಿಯುತ್ತಿದ್ದರು. ಕತ್ತಿನ ಮುಂಭಾಗದಲ್ಲಿ ಚರ್ಮದಡಿಯಲ್ಲೇ ಸಿಗುವ ಸ್ನಾಯುವಿನ ಮೇಲೆ ಎರಡು ಬೆರಳಿಟ್ಟು, ಅದು ಗಟ್ಟಿಯಾದರೆ ಜೋರು ಜಾಸ್ತಿಯಾಯಿತು ಎಂದು ತಿಳಿಯಿರಿ ಎಂದ ಮೇಲೆ ಹಿಡಿತ ಸಿಕ್ಕಿತು. ವಾರಕ್ಕೆ ಮೂರು ದಿನ ರಬ್ಬರ್ ಬ್ಯಾಂಡ್ ಎಳೆದು ಬೆನ್ನಿನ ರೆಕ್ಕೆಮೂಳೆಗಳನ್ನು ಹಿಂದಕ್ಕೆ ಕೂಡಿಸುವ ವ್ಯಾಯಾಮವೂ ಇತ್ತು. ಮಾಡುವಾಗ ಹತ್ತಕ್ಕೆ ಮೂರರಷ್ಟು ನೋವಾದರೆ ಅಡ್ಡಿಯಿಲ್ಲ, ಮಾರನೆಯ ಬೆಳಿಗ್ಗೆಗೆ ಇಳಿದಿರಬೇಕು. ಬಲ ಬರಲು ಆರರಿಂದ ಹನ್ನೆರಡು ವಾರ ಹಿಡಿಯುತ್ತದೆ ಎಂದು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಹದಿನೈದು ದಿನಕ್ಕೇ ಬಿಟ್ಟುಬಿಡುತ್ತಾರೆ.

ಅರ್ಧ ಗಂಟೆಗೊಮ್ಮೆ ಏಳಿ ಎಂದರೆ ಹೊಲಿಯುವವರು ಗಡಿಯಾರ ನೋಡುವುದಿಲ್ಲ. ಅದಕ್ಕೆ ರವಿಕೆಯ ಎರಡು ತೋಳು ಜೋಡಿಸಿದ ಮೇಲೆ ಒಮ್ಮೆ ಏಳುವುದು ಎಂದು ಗೊತ್ತುಮಾಡಿದೆವು. ಫಾಲ್ ಹಾಕುವಾಗ ಮಡಿಲಲ್ಲಿ ದಿಂಬಿಟ್ಟು ಬಟ್ಟೆಯನ್ನೇ ಕಣ್ಣಿನ ಕಡೆಗೆ ಎತ್ತಿಕೊಳ್ಳುವುದು. ಸೆಲೂನಿನಲ್ಲಿ ಕತ್ತು ತಿರುಚಿ ಲಟಿಕೆ ತೆಗೆಸಬಹುದೇ ಎಂದು ಗಂಡ ಕೇಳಿದರು. ಖಂಡಿತ ಬೇಡ ಎಂದೆ. ಅಪರೂಪಕ್ಕಾದರೂ ಕತ್ತಿನ ರಕ್ತನಾಳ ಹರಿಯುವ ಅಪಾಯವಿದೆ.

ಅತ್ತೆಯನ್ನು ಮುಂದಿನ ಭೇಟಿಗೆ ಕರೆಸಿ, ಸೊಸೆಯ ಎದುರಿಗೇ ‘ನೋವು ನಿಜ’ ಎಂದು ಮತ್ತೆ ಹೇಳಿದೆ. ವ್ಯಾಯಾಮದಷ್ಟೇ ಅದೂ ಚಿಕಿತ್ಸೆ ಎಂದು ನಂಬಿದ್ದೇನೆ.

ಈಗ ಕಾಲರ್ ಇಲ್ಲ. ನೋವು ಪೂರ್ತಿ ಹೋಗಿಲ್ಲ, ಗೌರಿ ಹಬ್ಬಕ್ಕೂ ಮದುವೆ ಸೀಸನ್ನಿಗೂ ಕೆರಳುತ್ತದೆ. ಕೆರಳಿದ ಎರಡು ಮೂರು ದಿನ ವ್ಯಾಯಾಮವನ್ನು ಅರ್ಧಕ್ಕೆ ಇಳಿಸಿ, ಹದಿನೈದು ನಿಮಿಷ ಬಿಸಿ ಶಾಖ ಕೊಟ್ಟು, ನಾಲ್ಕನೆಯ ದಿನದಿಂದ ಮೆಲ್ಲಗೆ ಮೊದಲಿನ ಲೆಕ್ಕಕ್ಕೆ ತರಲು ಹೇಳಿದೆ.